ನಾಬಾನ ಮೊದಲ ಅಪ್ಪಣೆ

ನಮ್ಮ ಕಡೆ ನಾಬಾ ಎನ್ನಿಸಿಕೊಳ್ಳದವರನ್ನು ಹುಡುಕುವುದೇ ಕಷ್ಟ. ಊರಿಗೊಬ್ಬ ನಾಬಾ ಇರುವುದು ಸರಿ. ಸಂತೆಗೊಬ್ಬ, ಕಮ್ಮಾರರಿಗೊಬ್ಬ, ಕಟುಕರಿಗೊಬ್ಬ, ಕೆಲಸವಿಲ್ಲದೆ ಬೇವಿನ ಮರದಡಿ ಕೂರುವ ಪಡ್ಡೆಗಳಿಗೂ ಒಬ್ಬ. ಡೋಲಿನವರಿಗೆ ನಾನು. ದೊಡ್ಡ ಸೋರೆಬುರುಡೆಗೆ ಆಡಿನ ಚರ್ಮ ಬಿಗಿದ ಡೋಲನ್ನು ಮಡಿಲಲ್ಲಿಟ್ಟುಕೊಂಡು, ಆಗಿಹೋದ ನಾಬಾಗಳ ಹೆಸರುಗಳನ್ನು ಒಂದೂ ಬಿಡದೆ ಹೇಳುವುದು ನನ್ನ ಕೆಲಸ. ನನ್ನಪ್ಪನ ಕೆಲಸವೂ ಅದೇ ಆಗಿತ್ತು. ಹಾಗಾಗಿ ಜನ ನನ್ನನ್ನು ಡೋಲಿನ ನಾಬಾ ಎನ್ನುತ್ತಾರೆ. ನನ್ನ ಹೆಂಡತಿ ಮಾತ್ರ ಎನ್ನುವುದಿಲ್ಲ.

ವಾಗಡೂಗುವಿನಿಂದ ಆಗೊಮ್ಮೆ ಈಗೊಮ್ಮೆ ಯಾರಾದರೂ ಬಂದು, ‘ನಾಬಾ ಅಂದ್ರೆ ರಾಜ ತಾನೆ?’ ಎಂದು ಕೇಳುತ್ತಾರೆ. ಹೌದು ಎಂದುಬಿಡುತ್ತೇನೆ. ಅವರಿಗೂ ಬಿಸಿಲು, ನನಗೂ ಬಿಸಿಲು. ನಿಜ ಹೇಳಬೇಕೆಂದರೆ ನಮ್ಮ ಕುಯಿಲ್‌ಬಿಲಾದ ನಾಬಾಗೆ ಇದ್ದದ್ದು ಮಣ್ಣಿನ ಗೋಡೆಗಳ ಒಂದು ಸುತ್ತು ಮನೆ, ಒಂದು ಮುದಿ ಕುದುರೆ, ಮತ್ತು ಹೇಳಿದ ಮಾತು ಕೇಳದ ಒಂದು ಹಿಂಡು ಗಿನಿಕೋಳಿ. ಸೈನ್ಯವಿಲ್ಲ, ಖಜಾನೆಯಿಲ್ಲ. ಆದರೂ ಎರಡು ಮನೆಯವರು ಗುದ್ದಲಿ ಎತ್ತಿ ನಿಂತಾಗ ಅವನು ಕೂತಲ್ಲಿಂದಲೇ ‘ಸಾಕು’ ಎಂದರೆ ಗುದ್ದಲಿಗಳು ಇಳಿಯುತ್ತಿದ್ದವು. ಅವನಿಗಿಂತ ಗಟ್ಟಿಯಾಗಿ ಕೂಗಬಲ್ಲವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು, ಅವರ ಮಾತಿಗೆ ನಾಯಿಯೂ ತಿರುಗಿ ನೋಡುತ್ತಿರಲಿಲ್ಲ. ಅವನ ಆ ಒಂದು ಮಾತಿನೊಳಗೆ ಕೂತ ಬಲಕ್ಕೆ ನಾವು ನಾಅಮ್ ಎನ್ನುತ್ತೇವೆ. ನಾಅಮ್ ಯಾರ ಹತ್ತಿರ ಇದೆಯೋ ಅವನು ನಾಬಾ. ಅಷ್ಟೇ ಆ ಹೆಸರಿನ ಅರ್ಥ. ಅದು ಯಾರ ಜೊತೆಗೂ ಹುಟ್ಟಿ ಬರುವುದಿಲ್ಲ, ಕಿತ್ತುಕೊಳ್ಳಲು ಬರುವುದಿಲ್ಲ, ಇನ್ನೊಬ್ಬರು ಕೊಡಬೇಕು. ಬಂದವರು ಈ ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಅಷ್ಟು ಹೊತ್ತಿಗೆ ಅವರ ಕಣ್ಣು ಕುದುರೆಯ ಮೇಲಿರುತ್ತದೆ.

ಹಿಂದಿನ ನಾಬಾನ ಬೆಂಕಿ ಆರಿದ್ದು ಉತ್ತರದ ಒಣಗಾಳಿ ಧೂಳು ಹೊತ್ತು ತರುವ ದಿನಗಳಲ್ಲಿ. ನಾಬಾ ಸತ್ತ ಎಂದು ನಾವು ಬಾಯಿಬಿಟ್ಟು ಹೇಳುವುದಿಲ್ಲ, ಬೆಂಕಿ ಆರಿತು ಎನ್ನುತ್ತೇವೆ. ಆರಿದ ಬೆಂಕಿಗೂ ಹೊಸ ಬೆಂಕಿಗೂ ನಡುವೆ ಊರು ಬರಿದಾಗಿ ಬಿದ್ದಿರುವಂತಿಲ್ಲ, ನಾಅಮ್ ಎಲ್ಲಾದರೂ ಕೂತಿರಲೇಬೇಕು. ಅದಕ್ಕೇ ಹೋದವನ ಹಿರಿಮಗಳನ್ನು ಗಂಡನ ಊರಿನಿಂದ ಕರೆಸಿ, ತಲೆ ಬೋಳಿಸಿ, ಅಪ್ಪನ ನೀಲಿ ನಿಲುವಂಗಿ ತೊಡಿಸಿ, ಅಪ್ಪನ ಕೆಂಪು ಟೋಪಿ ಇಟ್ಟು, ಪಡುವಣ ಬಾಗಿಲಲ್ಲಿ ಅವನು ಕೂರುತ್ತಿದ್ದ ಜಾಗದಲ್ಲೇ ಕೂರಿಸುತ್ತೇವೆ. ಅವಳು ನಾಪೋಕೊ, ಹೆಣ್ಣು ನಾಬಾ. ಹೊಸಬ ಬರುವವರೆಗೆ ಅವಳ ಮಾತೇ ಮಾತು.

ಹೊಸಬ ಬಂದ ದಿನ ಅವಳು ನಿಲುವಂಗಿ ಕಳಚಿಟ್ಟು ಊರು ಬಿಡಬೇಕು. ಅಲ್ಲಿಂದಾಚೆಗೆ ಅವಳೂ ಹೊಸ ನಾಬಾನೂ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಇಬ್ಬರಲ್ಲಿ ಒಬ್ಬರು ಮಣ್ಣು ಸೇರುವವರೆಗೂ ಇಲ್ಲ. ಒಂದೇ ನಾಅಮ್ ಕೂತೆದ್ದ ಎರಡು ಮೈಗಳು ಎದುರಾದರೆ ಅದು ಯಾರ ಕಡೆ ವಾಲುತ್ತದೋ ಎಂಬ ಭಯ ನಮ್ಮವರಿಗೆ. ಸಾಮಾನ್ಯವಾಗಿ ಇದರಿಂದ ಯಾರಿಗೂ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ನಾಬಾಗಳಿಗೆ ಹೆಂಡಿರು ಹಲವರು, ಮಕ್ಕಳು ಹಲವರು. ಹಿರಿಮಗಳಿಗೂ ಹೊಸ ನಾಬಾಗೂ ಮೊದಲಿಂದ ನೆಟ್ಟಗೆ ಮಾತುಕತೆಯೇ ಇರುವುದಿಲ್ಲ. ಕೆಲವರಂತೂ ಒಳ್ಳೆಯದೇ ಆಯಿತೆಂದು ಹೊರಟಿದ್ದನ್ನೂ ಕಂಡಿದ್ದೇನೆ.

ತಲಾತೊ ವಿಷಯ ಬೇರೆ. ನಾಬಾ ಆಗಬಹುದಾಗಿದ್ದವರು ಇಬ್ಬರು: ಯಾಂಬಾ ಮತ್ತು ಕೂಡ್ಬಿ. ಯಾಂಬಾ ಬೇರೆ ತಾಯಿಯ ಮಗ, ಕೋಲಾ ಕಾಯಿಯ ವ್ಯಾಪಾರಿ, ಪಿಸುಗುಟ್ಟಿದರೂ ಪಕ್ಕದ ಊರಿಗೆ ಕೇಳಿಸುವಂಥ ಗಂಟಲು. ಕೂಡ್ಬಿ ತಲಾತೊಳ ಒಡಹುಟ್ಟಿದವನು. ಅವನು ಇನ್ನೂ ಹಾಲು ಕುಡಿಯುತ್ತಿದ್ದಾಗಲೇ ತಾಯಿ ತೀರಿಕೊಂಡಳು. ಆಗ ಮದುವೆಯಾಗದ ಹುಡುಗಿಯಾಗಿದ್ದ ತಲಾತೊ ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ನೀರು ತಂದಳು, ಜೋಳ ಕುಟ್ಟಿದಳು, ಕೊನೆಗೆ ಬೆನ್ನಿಗೆ ಕಟ್ಟಿಕೊಂಡೇ ಗಂಡನ ಮನೆಗೆ ಹೋದಳು. ಮದುವಣಗಿತ್ತಿಯ ಜೊತೆ ಮಗುವೂ ಬಂತೆಂದು ಅಲ್ಲಿಯವರು ವರ್ಷಗಟ್ಟಲೆ ನಕ್ಕರು. ಆಮೇಲೆ ಅವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಆದರು. ಆದರೂ, ‘ನನ್ನ ಮೊದಲನೇ ಮಗ ಕೂಡ್ಬಿ’ ಎಂದು ಗಂಡನ ಎದುರೇ ಹೇಳುತ್ತಿದ್ದಳು. ಅವನು ದೊಡ್ಡವನಾಗಿ ಊರಿಗೆ ಮರಳಿದ ಮೇಲೂ ಪ್ರತಿ ಸುಗ್ಗಿಗೆ ಒಂದು ಕುರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಕ್ಕನ ಊರಿಗೆ ಹೋಗಿ, ಅವಳು ಮಾಡಿದ ಅಂಬಲಿಮುದ್ದೆ ತಿಂದು, ಬೈಸಿಕೊಂಡು ಬರುತ್ತಿದ್ದ. ಊರವರಿಗೆ ಜಗಳ ಬಂದಾಗ ಅಪ್ಪನಿಗಿಂತ ಮೊದಲು ಈ ಕೂಡ್ಬಿಯ ಹತ್ತಿರ ಹೋಗುವ ರೂಢಿಯಾಗಿಬಿಟ್ಟಿತ್ತು. ನಾಬಾ ಆಗಲು ಯೋಗ್ಯ ಯಾರೆಂದು ಕೇಳಿದರೆ ಕುರುಡನೂ ಅವನ ಕಡೆ ಕೈ ತೋರಿಸುತ್ತಿದ್ದ.

ತಲಾತೊಗೆ ಬೇಕಾಗಿದ್ದು ಮಾತ್ರ ಯಾಂಬಾ. ಅವಳು ಅದನ್ನು ಮುಚ್ಚಿಡಲೂ ಇಲ್ಲ.

ಮೊದಲ ದಿನಗಳಲ್ಲಿ ಅವಳನ್ನು ನೋಡಲು ಜನ ಗುಂಪುಗಟ್ಟಿ ಬಂದರು. ಬಂದವರೆಲ್ಲ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊಣಕೈ ನೆಲಕ್ಕೂರಿ, ಒಂದು ಹಿಡಿ ಧೂಳನ್ನು ತಲೆಯ ಮೇಲೆ ಸುರಿದುಕೊಂಡು ‘ನಾಬಾ’ ಎಂದರು. ಅವಳೂ ಅಪ್ಪನ ಹಾಗೆಯೇ ಕಣ್ಣರೆಪ್ಪೆ ಅಲ್ಲಾಡಿಸದೆ ಸ್ವೀಕರಿಸಿದಳು. ಧೂಳು ಸುರಿದುಕೊಳ್ಳದೆ ಬಂದವನು ಪಾರೆ ಒಬ್ಬನೇ. ಅವನು ಸಾಮೊ ಜನದವನು, ಸಂತೆಯಲ್ಲಿ ಬಟ್ಟೆ ಹೊಲಿಯುವವನು. ಸಾಮೊಗಳಿಗೂ ನಮಗೂ ಬೈದಾಡುವ ನೆಂಟಸ್ತನ ಅಜ್ಜಂದಿರ ಕಾಲದಿಂದ ಬಂದದ್ದು. ಅವರು ಏನೆಂದರೂ ನಾವು ಸಿಟ್ಟಾಗಕೂಡದು, ನಾವು ಏನೆಂದರೂ ಅವರು. ಅವರು ನಾಯಿ ತಿನ್ನುತ್ತಾರೆಂಬುದು ನಮ್ಮ ಕಡೆಯ ಹಳೆಯ ಚೇಷ್ಟೆ. ಹೆಣದ ಮನೆಗೂ ಈ ನಿಯಮಕ್ಕೆ ರಿಯಾಯಿತಿ ಇಲ್ಲ.

“ಏನು ನಾಬಾ, ಗಡ್ಡ ಎಲ್ಲಿ? ದಾರೀಲಿ ಬೀಳಿಸ್ಕೊಂಡು ಬಂದ್ಯಾ?” ಎಂದ ಪಾರೆ.

“ನಿಮ್ಮನೆ ಸಾರಿಗೆ ನಾಯಿ ಸಿಕ್ಕಿರ್ಲಿಲ್ಲ ಅಂತ ನಿನ್ ಹೆಂಡ್ತಿ ಕೇಳಿದ್ಲು, ಕೊಟ್‌ಬಿಟ್ಟೆ,” ಎಂದಳು ತಲಾತೊ.

“ಆ ನಿಲುವಂಗಿ ನಿಂಗೆ ದೊಡ್ಡದು. ಇಲ್ಲಿ ಕೊಡು, ಕತ್ತರಿಸಿ ಹೊಲ್ದು ಕೊಡ್ತೀನಿ. ಮಿಕ್ಕಿದ್ದರಲ್ಲಿ ನಂಗೊಂದು ಚಡ್ಡಿ ಆಗತ್ತೆ.”

“ನಿನ್ ಚಡ್ಡಿಗೆ ಇಷ್ಟು ಬಟ್ಟೆ ಯಾಕೋ, ಒಳಗೆ ಏನಿದೆ ಮುಚ್ಚಕ್ಕೆ?”

ಸೂತಕಕ್ಕೆ ತಲೆ ಬೋಳಿಸಿಕೊಂಡಿದ್ದ ಆ ಗುಂಪು ಮೊದಲ ಬಾರಿಗೆ ನಕ್ಕಿತು. ನಾನೂ ನಕ್ಕೆ. ನನ್ನ ಕಸುಬಿನಲ್ಲಿ ನಗು, ಅಳು ಎರಡನ್ನೂ ಸ್ವಲ್ಪ ದೂರ ಇಡಬೇಕು. ಹೆಸರು ಹೇಳುವವನ ಗಂಟಲು ಕಟ್ಟಿದರೆ ಹೆಸರು ತಪ್ಪುತ್ತದೆ.

ಒಂದು ಬೆಳಿಗ್ಗೆ ನಾನು ಹೆಸರುಗಳನ್ನು ಹೇಳಿ ಮುಗಿಸಿ ಡೋಲು ಕೆಳಗಿಟ್ಟಾಗ ಅವಳು ನನ್ನನ್ನು ಹತ್ತಿರ ಕರೆದಳು.

“ಡೋಲಿನಣ್ಣಾ, ದಿನಾ ಇಷ್ಟೊಂದು ಹೆಸರು ಹೇಳ್ತೀಯಲ್ಲ, ಮೊದಲನೇ ಹೆಸರಿಗಿಂತ ಮುಂಚೆ ಏನಿತ್ತು?”

“ಮುಂಚೆ ಬರೀ ಹೊಡೆದಾಟ ಇತ್ತು, ನಾಬಾ.”

“ಸರಿಯಾಗಿ ಹೇಳು.”

ಹೇಳಿದೆ. ಕುದುರೆಯವರು ಬರುವುದಕ್ಕೂ ಮೊದಲು ಈ ನೆಲದಲ್ಲಿ ನೆಲದ ಜನ ಇದ್ದರು. ಬಿತ್ತುತ್ತಿದ್ದರು, ಬೆಳೆಯುತ್ತಿದ್ದರು, ಮಳೆ ಕರೆಯಲು ಬರುತ್ತಿತ್ತು, ಮಣ್ಣಿನ ಮನಸ್ಸು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ, ಒಬ್ಬರ ಮಾತು ಇನ್ನೊಬ್ಬರು ಕೇಳುವುದು. ಎಲ್ಲರೂ ಅಣ್ಣತಮ್ಮಂದಿರೇ ಆದ್ದರಿಂದ ಯಾರೂ ಯಾರಿಗೂ ಬಗ್ಗುತ್ತಿರಲಿಲ್ಲ. ಒಂದು ಹೊಲದ ಬದುವಿಗಾಗಿ ಎರಡು ಕೇರಿಗಳು ಬಡಿದಾಡಿ ಅರ್ಧ ಊರು ಖಾಲಿಯಾದಾಗ, ಅವರ ಹಿರಿಯ ದಾರಿಹೋಕನಾಗಿ ಬಂದಿದ್ದ ಒಬ್ಬ ಕುದುರೆಸವಾರನನ್ನು ತಡೆದು, ‘ನೀನು ನಮ್ಮವನಲ್ಲ, ಯಾರ ಅಣ್ಣನೂ ಅಲ್ಲ, ಯಾರ ತಮ್ಮನೂ ಅಲ್ಲ. ಬದು ಎಲ್ಲಿ ಅಂತ ನೀನೇ ಹೇಳು’ ಎಂದ. ಸವಾರ ನಕ್ಕು, ‘ನನ್ನ ಮಾತು ಇವರು ಯಾಕೆ ಕೇಳ್ತಾರೆ?’ ಎಂದ. ಹಿರಿಯ ಬುರುಡೆಯಲ್ಲಿ ಹಿಟ್ಟಿನ ನೀರು ಕಲಸಿ, ಅದಕ್ಕೆ ಒಂದು ಚಿಟಿಕೆ ಮಣ್ಣು ಹಾಕಿ, ‘ನೆಲ ನಮ್ಮದೇ. ಮಾತು ಕೇಳುವುದನ್ನು ಮಾತ್ರ ನಿನಗೆ ಕೊಡುತ್ತೇವೆ’ ಎಂದ. ಸವಾರ ಕುದುರೆಯಿಂದಿಳಿದು, ಕೂತು, ಎರಡೂ ಕೈ ಚಾಚಿ ಇಸಿದುಕೊಂಡು ಕುಡಿದ. ಅವನೇ ನಮ್ಮ ಮೊದಲ ನಾಬಾ. ಅವತ್ತಿನಿಂದ ಇವತ್ತಿನವರೆಗೂ ಕೊಡುವವರು ನೆಲದವರು, ಇಸಿದುಕೊಳ್ಳುವವರು ಕುದುರೆಯವರು.

ತಲಾತೊ ಅಪ್ಪನ ಮುದಿ ಕುದುರೆಯ ಕಡೆ ನೋಡಿದಳು.

“ಅವನಿಗೆ ಅವನ ಊರಲ್ಲಿ ಯಾರೂ ಇರ್ಲಿಲ್ವಾ? ತಾಯಿ, ಅಕ್ಕ?”

“ಅದು ಹೆಸರುಗಳಲ್ಲಿ ಬರಲ್ಲ, ನಾಬಾ.”

“ಅದ್ಯಾಕ್ ಬರತ್ತೆ!” ಎಂದು ಟೋಪಿ ಸರಿಮಾಡಿಕೊಂಡಳು.

ಅದೇ ದಿನ ಕೂಡ್ಬಿ ಬಂದ. ಅವಳು ನಾಪೋಕೊ ಆದ ಮೇಲೆ ಅವನು ಎಲ್ಲರ ನಡುವೆ ಬಂದು ಧೂಳು ಸುರಿದುಕೊಂಡು ಹೋಗಿದ್ದನೇ ಹೊರತು ಬೇರೆಯಾಗಿ ಬಂದಿರಲಿಲ್ಲ. ಅವಳ ಹತ್ತಿರ ನಾನಲ್ಲದೆ ಮತ್ತಾರೂ ಇರಲಿಲ್ಲ. ನನ್ನನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನು ಗೋಡೆ ಇದ್ದ ಹಾಗೆ.

“ಇಲ್ಲಿ ಯಾರೂ ಇಲ್ಲ. ಅಕ್ಕಾ ಅನ್ನು,” ಎಂದಳು.

“ನಾಬಾ,” ಎಂದ ಅವನು, ತಲೆ ಎತ್ತದೆ.

“ನೋಡು ಕೂಡ್ಬಿ. ಕುಗ್ರಿ ಅಜ್ಜನ ಹತ್ರ ನಾನು ಮಾತಾಡ್ತೀನಿ. ಯಾಂಬಾ ಕೂಗಾಡ್ತಾನೆ ನಿಜ, ಆದ್ರೆ ಕೆಟ್ಟವನಲ್ಲ. ಅವನಾಗ್ಲಿ. ನೀನು ಪಕ್ಕದಲ್ಲಿದ್ದು ಬುದ್ಧಿ ಹೇಳು. ಸುಗ್ಗಿಗೆ ನಮ್ಮನೆಗೆ ಬಾ. ನಿಂಗೆ ಇದು ಬೇಡ ಅಂತ ಒಂದು ಮಾತು ಹೇಳ್‌ಬಿಡು ಸಾಕು.”

 ಕೂಡ್ಬಿಯ ಕೈ ನೆಲದ ಮೇಲೆ ಧೂಳನ್ನು ಒಟ್ಟುಗೂಡಿಸುತ್ತಿತ್ತು.

“ಬೇಕಾ ನಿಂಗೆ?” ಎಂದಳು ಅವಳು, ದನಿ ಬದಲಾಗಿತ್ತು. “ನಾನು ಇನ್ಮೇಲೆ ಇಲ್ಲ ಅಂತ ಗೊತ್ತಿದ್ದೂ ಬೇಕಾ?”

ಅವನು ಒಂದು ಹಿಡಿ ಧೂಳನ್ನೆತ್ತಿ ತಲೆಯ ಮೇಲೆ ಸುರಿದುಕೊಂಡ. ನಾಅಮ್ ಬೇಡುವವರು ಹಾಗೆಯೇ ಬೇಡುವುದು. ಬಾಯಲ್ಲಿ ಹೇಳಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಎದ್ದು, ಹಿಮ್ಮುಖವಾಗಿ ನಡೆದು, ಅವನು ಹೋದ. ತಲಾತೊ ನನ್ನ ಕಡೆ ತಿರುಗಿ, “ಬೆನ್ನ ಮೇಲೆ ಉಚ್ಚೆ ಹೊಯ್ದವನು ಇವನು,” ಎಂದಳು. ಅವಳ ಸಿಟ್ಟು ನನಗೆ ಅರ್ಥವಾಯಿತು. ಅವನ ಆಸೆಯೂ ಅರ್ಥವಾಯಿತು. ತನ್ನಿಂದ ಆಗುವ ಕೆಲಸವೊಂದು ಎದುರಿಗೇ ಇರುವಾಗ ಅದನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವುದು ಗಂಡಸಿಗೆ ಸುಲಭವಲ್ಲ.

ಕುಗ್ರಿ ನೆಲದ ಯಜಮಾನ, ಆ ಮೊದಲ ಹಿರಿಯನ ವಂಶದವನು. ನಾಬಾ ಯಾರೆಂದು ಹೇಳುವವನು ಅವನೇ. ಕಣ್ಣು ಮಂಜಾಗಿದ್ದರೂ ಬಾಯಿ ಮಂಜಾಗಿರಲಿಲ್ಲ. ತಲಾತೊ ಅವನಿಗೆ ಜೋಳದ ಬಿಯರು ತರಿಸಿಕೊಟ್ಟು, ದಿನ ಬಿಟ್ಟು ದಿನ ಒಂದೇ ಮಾತು ಹೇಳಿದಳು: ಯಾಂಬಾ, ಯಾಂಬಾ.

“ಯಾಂಬಾ ಬಾಯಿ ತೆಗೆದ್ರೆ ಗಿನಿಕೋಳಿ ಮೊಟ್ಟೆ ಇಡೋದ್ ನಿಲ್ಸ್ತಾವೆ,” ಎಂದ ಕುಗ್ರಿ.

“ಮೊಟ್ಟೆ ಇಲ್ದೆ ಇದ್ರೆ ಯಾರೂ ಸಾಯಲ್ಲ ಅಜ್ಜ.”

“ಒಳ್ಳೇ ನಾಬಾ ಇಲ್ದೆ ಇದ್ರೆ ಸಾಯ್ತಾರೆ. ನಿಂಗೂ ಅದು ಗೊತ್ತು. ನೀನೇ ಇಷ್ಟ್ ದಿನ ಕೂತ್ ನೋಡಿದ್ದೀಯ.”

“ಗೊತ್ತು,” ಎಂದಳು ತಲಾತೊ. “ನಂಗೆ ನನ್ನ ತಮ್ಮ ಬೇಕು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ರ ಇಲ್ಲ. ನಾಬಾ ಆಗಿ ಹೇಳ್ತಾ ಇಲ್ಲ, ಅಪ್ಪನ ಮಗಳಾಗಿ ಕೇಳ್ತಿದ್ದೀನಿ.”

ಮುದುಕ ಬುರುಡೆಯ ತಳದಲ್ಲಿ ಉಳಿದದ್ದನ್ನು ನೆಲಕ್ಕೆ ಚೆಲ್ಲಿ, ಆಗಿಹೋದ ಅಜ್ಜಂದಿರಿಗೂ ಕೊಟ್ಟು, “ಆಯ್ತು ಹೋಗು,” ಎಂದ. “ಕೂಗೋ ನಾಬಾನೇ ಇರ್ಲಿ. ನನ್ ಕಿವಿ ಹೆಂಗೂ ಮಂದ.”

ಹೀಗೆ ವಿಷಯ ಇತ್ಯರ್ಥವಾಯಿತು. ಯಾಂಬಾಗೆ ಸುದ್ದಿ ಮುಟ್ಟಿ, ಅವನು ಹೊಸ ಚಪ್ಪಲಿ ತರಿಸಿಕೊಂಡ. ಕೂಡ್ಬಿಗೂ ಮುಟ್ಟಿತು, ಅವನು ಹೊಲಕ್ಕೆ ಹೋಗಿ ಎಂದಿನಂತೆ ಜೋಳದ ದಂಟು ಕಟ್ಟಿದ. ಆದರೂ ಕೊಡುವ ದಿನ ಇಬ್ಬರೂ ಬಂದು ಬೇಡಲೇಬೇಕು. ಒಬ್ಬನೇ ಬೇಡಿದರೆ ಕೊಟ್ಟಂತಲ್ಲ, ಅವನೇ ತೆಗೆದುಕೊಂಡಂತೆ.

ಆ ದಿನ ಗಾಳಿ ಬೆಳಿಗ್ಗೆಯಿಂದಲೇ ಎದ್ದಿತ್ತು. ಸೂರ್ಯ ಧೂಳಿನ ಹಿಂದೆ ಬಿಳಿಯ ಬಿಲ್ಲೆಯಾಗಿದ್ದ. ತಲಾತೊ ಬಾಗಿಲಲ್ಲಿ ಕೂತಿದ್ದಳು. ಅವಳ ಬಲಗಡೆ ಕುಗ್ರಿ, ಅವನ ಕೈಯಲ್ಲಿ ಹಿಟ್ಟಿನ ನೀರಿನ ಬುರುಡೆ. ಅವನು ಹೆಸರು ಹೇಳಬೇಕು, ಬುರುಡೆಯನ್ನು ನಾಪೋಕೊಳ ಕೈಗೆ ಕೊಡಬೇಕು, ಅವಳು ಅದನ್ನು ಹೆಸರಿನವನ ಕೈಗೆ ದಾಟಿಸಬೇಕು. ನಾನು ಎಡಗಡೆ ಡೋಲು ಹಿಡಿದು ಕೂತಿದ್ದೆ. ಇಡೀ ಊರು ಎದುರಿಗಿತ್ತು.

ಯಾಂಬಾ ಬಂದು ಧೂಳು ಸುರಿದುಕೊಂಡು, ಬೇಡಿದ. ಬೇಡಿದ್ದು ಬೈದ ಹಾಗೆ ಕೇಳಿಸಿತು. ಆಮೇಲೆ ಕೂಡ್ಬಿ ಬಂದ. ಕುಕ್ಕರುಗಾಲಲ್ಲಿ ಕೂತು, ಮೊಣಕೈ ಊರಿ, ಎರಡು ಕೈಯಲ್ಲೂ ಧೂಳೆತ್ತಿ ಸುರಿದುಕೊಳ್ಳುವ ಹೊತ್ತಿಗೆ ಒಂದು ಸುಳಿಗಾಳಿ ನುಗ್ಗಿ ಬಂತು. ಅಷ್ಟೂ ಧೂಳು ಅವನ ಕಣ್ಣಿಗೆ ಹೋಯಿತು. ಅವನು ಕಣ್ಣು ಬಿಡಲಾರದೆ, ಕೈಯಿಂದ ಉಜ್ಜಿಕೊಳ್ಳಲೂ ಆಗದೆ, ಏಕೆಂದರೆ ಧೂಳು ಸುರಿದುಕೊಂಡ ಮೇಲೆ ಬೇಡುವವನು ಮತ್ತೆ ಕೈ ನೆಲದಿಂದ ಎತ್ತುವಂತಿಲ್ಲ, ಹಾಗೆಯೇ ಕೂತಿದ್ದ. ಮುಚ್ಚಿದ ರೆಪ್ಪೆಗಳ ಅಡಿಯಿಂದ ನೀರು ಕೆಸರಾಗಿ ಕೆನ್ನೆಯ ಮೇಲೆ ಇಳಿಯಿತು. “ಕೊಡಿ,” ಎಂದ. ಧೂಳಿಗೆ ಕೆಮ್ಮಿದ.

ತಲಾತೊ ಎದ್ದಳು. ನಾನು ನೋಡುತ್ತಲೇ ಇದ್ದೆ, ಆದರೆ ನೋಡಿದ್ದು ತಲೆಗೆ ಹೋಗುವಷ್ಟರಲ್ಲಿ ಮುಗಿದುಹೋಗಿತ್ತು. ಎರಡು ಹೆಜ್ಜೆ ಹಾಕಿ, ಬಗ್ಗಿ, ಎಡಗೈಯಿಂದ ಅವನ ಗದ್ದ ಎತ್ತಿ ಹಿಡಿದು, ಬಲಗೈಯಲ್ಲಿ ನಿಲುವಂಗಿಯ ಅಂಚು ಹಿಡಿದು ಅವನ ಕಣ್ಣು ಒರೆಸಿದಳು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಬಾಯಿಂದ ಊದಿದಳು ಕೂಡ. “ಉಜ್ಜಬೇಡ, ಉಜ್ಜಬೇಡ,” ಎನ್ನುತ್ತಿದ್ದಳು, ಅವನು ಉಜ್ಜುತ್ತಿರದಿದ್ದರೂ.

 ನಿಲುವಂಗಿ ತೊಟ್ಟು ಆ ಜಾಗದಲ್ಲಿ ಕೂತವರು ಬೇಡಲು ಬಂದವರನ್ನು ಮುಟ್ಟುವುದಿಲ್ಲ. ಮುಟ್ಟುವುದು ಒಂದೇ ಒಂದು ಸಲ, ನಾಅಮ್ ಪಡೆಯುವ ಒಬ್ಬನನ್ನು.

ಜನರ ಮೌನ ಕಿವಿಗೆ ಬಿದ್ದಾಗಲೇ ತಲಾತೊಗೆ ತಾನೇನು ಮಾಡಿದೆ ಎಂದು ಗೊತ್ತಾದದ್ದು. ಕೈಯಲ್ಲಿದ್ದ ಅಂಚನ್ನು ಬೆಂಕಿ ಮುಟ್ಟಿದವಳಂತೆ ಬಿಟ್ಟಳು.

“ಕೊಟ್ಟಾಯ್ತು,” ಎಂದ ಕುಗ್ರಿ.

“ಇಲ್ಲ!” ಎಂದಳು ತಲಾತೊ. “ಅಜ್ಜ, ಏನ್ ಮಾತಾಡ್ತಿದ್ದೀಯ? ಕಣ್ಣಿಗೆ ಮಣ್ಣು ಬಿದ್ದಿತ್ತು, ಒರೆಸ್ದೆ. ನನ್ನ ತಮ್ಮನ ಕಣ್ಣು ಒರೆಸ್ದೆ, ಅಷ್ಟೇ!”

“ಇಲ್ಲಿ ನಿನ್ನ ತಮ್ಮ ಎಲ್ಲಿದ್ದಾನಮ್ಮ?” ಎಂದ ಕುಗ್ರಿ, ಮೆಲ್ಲಗೆ. “ಕೂತಿದ್ದಿದ್ದು ನಾಬಾ. ನಾಬಾಗೆ ತಮ್ಮ ಇರಲ್ಲ. ಬೇಡೋಕೆ ಬಂದವನ ಮುಖಕ್ಕೆ ನಾಬಾ ನಿಲುವಂಗಿ ಹಚ್ಚಿದ್ದನ್ನ ಇಷ್ಟು ಜನ ನೋಡಿದ್ದಾರೆ. ನನ್ ಕಣ್ಣಿಗೇ ಕಂಡಿತು, ಇನ್ನು ಇವರಿಗೆ ಕಾಣಲ್ವಾ?”

“ನೀನು ಯಾಂಬಾ ಅಂತ ಮಾತು ಕೊಟ್ಟಿದ್ದೆ!”

“ನಾನು ಹೆಸರು ಹೇಳ್ಬಹುದು. ಕೊಡೋ ಕೈ ನಿಂದು. ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋ ಕೈ ಯಾರ್ದೂ ಇಲ್ಲ.”

ಇಷ್ಟು ಹೇಳುವಾಗ ಮುದುಕನ ತುಟಿಯ ಮೂಲೆಯಲ್ಲಿ ನಗು ಇತ್ತೋ, ಗಾಳಿಗೆ ಮುಖ ಹಾಗೆ ಕಿವುಚಿತ್ತೋ, ನಾನು ಹೇಳಲಾರೆ. ಅವನಿಗೆ ಮೊದಲಿನಿಂದ ಕೂಡ್ಬಿಯೇ ಬೇಕಾಗಿತ್ತೆಂಬುದು ಎಲ್ಲರಿಗೂ ಗೊತ್ತು. ಯಾಂಬಾ ಬಾಯಿ ತೆರೆದ. ಸುತ್ತ ನೋಡಿದ. ಅವನೂ ಈ ಮಣ್ಣಿನಲ್ಲಿ ಹುಟ್ಟಿದವನು, ಅವನೂ ಕಣ್ಣಾರೆ ಕಂಡಿದ್ದ. ಜೀವನದಲ್ಲಿ ಮೊದಲ ಸಲ ಏನನ್ನೂ ಕೂಗದೆ ಬಾಯಿ ಮುಚ್ಚಿಕೊಂಡು, ಹೊಸ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಜನರ ನಡುವೆ ಹೋಗಿ ನಿಂತ.

ಹೆಂಗಸರು ತಲಾತೊಳ ನಿಲುವಂಗಿ, ಟೋಪಿ ಕಳಚಿಕೊಂಡರು. ಕೂಡ್ಬಿಯ ತಲೆಗೆ ಬಟ್ಟೆ ಹೊದಿಸಿ ಒಳಗೆ ಕರೆದೊಯ್ದು ಬಾಗಿಲಿಗೆ ಚಾಪೆ ಇಳಿಬಿಟ್ಟರು. ಮುಂದಿನದು ಸುಲಭ. ನಾಪೋಕೊ ಊರ ಗಡಿ ದಾಟುತ್ತಾಳೆ, ಚಾಪೆ ಮೇಲೇಳುತ್ತದೆ, ಹೊಸ ನಾಬಾ ಹೊರಗೆ ಬಂದು ಸೂರ್ಯ ಮುಳುಗುವುದರೊಳಗೆ ಅಪ್ಪನ ಜಾಗದಲ್ಲಿ ಕೂರುತ್ತಾನೆ, ಜನ ಧೂಳು ಸುರಿದುಕೊಳ್ಳುತ್ತಾರೆ, ನಾನು ಹೆಸರು ಹೇಳುತ್ತೇನೆ. ಹೊತ್ತು ಮೀರಿದರೆ ಕೊಟ್ಟದ್ದು ಯಾರ ಹತ್ತಿರವೂ ನಿಲ್ಲದೆ ಹೋಗುತ್ತದೆ.

ತಲಾತೊ ಹೋಗಲಿಲ್ಲ. ಅವಳ ಬಟ್ಟೆಯ ಗಂಟನ್ನು ಹೆಂಗಸರು ತಂದು ಪಕ್ಕದಲ್ಲಿಟ್ಟರು. ಅವಳು ತನ್ನ ಹಳೆಯ ಸುತ್ತುಬಟ್ಟೆಯಲ್ಲಿ, ಬೋಳು ತಲೆಯಲ್ಲಿ, ಆ ಕೋಣೆಯ ಹೊರಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತಳು. ಕುಗ್ರಿ ಹೇಳಿದ. ಹಿರಿಯರು ಹೇಳಿದರು. ಹೆಂಗಸರು ಕೈ ಹಿಡಿದು ಎಳೆಯಲು ಹೋಗಿ, ಅವಳ ಮುಖ ನೋಡಿ ಕೈ ಬಿಟ್ಟರು. ಅವಳು ಅಳುತ್ತಿರಲಿಲ್ಲ. ಗೋಡೆಯ ಆಚೆ ಅವನು, ಈಚೆ ಇವಳು. ಇಬ್ಬರ ನಡುವೆ ಒಂದು ಗೇಣು ಮಣ್ಣು.

ಪಾರೆಯನ್ನು ಕಳಿಸಿದರು. ಬಯ್ಯುವ ನೆಂಟನಿಗೆ ಎಲ್ಲಿ ಬೇಕಾದರೂ ಬಾಯಿ ಹಾಕುವ ಅಧಿಕಾರವಿದೆ, ಎಂಥ ಬಿಗಿಯನ್ನಾದರೂ ಅವನು ಸಡಿಲಿಸುತ್ತಾನೆ.

“ಏಳೇ ಬೋಳಿ,” ಎಂದ ಪಾರೆ. “ನಿನ್ ಗಂಡ ಇಷ್ಟ್ ದಿನ ನೀನಿಲ್ದೆ ಸುಖವಾಗಿದ್ದ. ಹೋಗಿ ಅವನ್ ಪ್ರಾಣ ತಿನ್ನು.”

ಅವಳು ಮಾತಾಡಲಿಲ್ಲ.

“ಹೋಗ್ಲಿ, ನನ್ ಮೂರನೇ ಹೆಂಡ್ತಿ ಆಗ್ತೀಯಾ? ನಾಯಿ ಸಾರು ಮಾಡಕ್ ಬರತ್ತಲ್ಲ ನಿಂಗೆ?”

ಅದಕ್ಕೂ ಇಲ್ಲ. ಪಾರೆ ಇನ್ನೊಂದು ಮಾತಿಗೆ ಬಾಯಿ ತೆರೆದವನು ಹಾಗೇ ಮುಚ್ಚಿ, ಅವಳ ಪಕ್ಕ ಕೂತುಬಿಟ್ಟ. ಬೈದಾಡುವ ನೆಂಟನಿಗೂ ಬೈಗುಳ ಮುಗಿದುಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೂ ಎದೆ ಭಾರವಾಯಿತು, ಕಸುಬಿನ ಮಾತು ಏನೇ ಇರಲಿ.

ಬಿಳಿಯ ಸೂರ್ಯ ಕೆಂಪಾಗತೊಡಗಿದಾಗ ಕುಗ್ರಿ ನನ್ನ ಹತ್ತಿರ ಬಂದ. “ಇದು ನಮ್ ಕೈಲಿ ಆಗಲ್ಲ. ಒಳಗೆ ಹೋಗಿ ಅವನಿಗೆ ಹೇಳು,” ಎಂದ. ಚಾಪೆ ಮೇಲೇಳುವವರೆಗೆ ಹೊಸ ನಾಬಾ ಜನರೊಂದಿಗೆ ನೇರ ಮಾತಾಡುವಂತಿಲ್ಲ. ಅವನ ಮಾತನ್ನು ಹೊರಗೆ ತರುವುದೂ ನನ್ನ ಕೆಲಸವೇ.

ಒಳಗೆ ಕತ್ತಲಿತ್ತು. ಕೂಡ್ಬಿ ಅಪ್ಪನ ನಿಲುವಂಗಿ ತೊಟ್ಟು, ಹೊರಗಿನ ಗೋಡೆಗೇ ಬೆನ್ನು ಕೊಟ್ಟು ನೆಲದಲ್ಲಿ ಕೂತಿದ್ದ. ಆಚೆ ಅವಳು ಎಲ್ಲಿ ಕೂತಿದ್ದಾಳೆಂದು ಅವನಿಗೆ ಯಾರು ಹೇಳಿದರೋ.

“ಹೋದ್ಲಾ?” ಎಂದ.

“ಇಲ್ಲ, ನಾಬಾ.”

“ಒಂದೇ ಸಲ ಚಾಪೆ ಎತ್ತಿ ನೋಡ್ತೀನಿ ಡೋಲಿನಣ್ಣಾ. ಒಂದೇ ಸಲ.”

“ಎತ್ತಬಹುದು. ಯಾರೂ ತಡೆಯಲ್ಲ. ಎತ್ತಿದ್ರೆ ಆಚೆ ನಿಮ್ಮಕ್ಕ ಇರ್ತಾರೆ, ಈಚೆ ಕೂಡ್ಬಿ ಇರ್ತಾನೆ. ಊರಿಗೆ ಮಾತ್ರ ಯಾರೂ ಇರಲ್ಲ.”

ಅವನು ಬಹಳ ಹೊತ್ತು ನಿಲುವಂಗಿಯ ಮೇಲೆ ಕೈಯಾಡಿಸುತ್ತ ಕೂತ. “ಇವತ್ತು ಬೆಳಿಗ್ಗೆವರೆಗೂ ಇದು ಬೇಕು ಬೇಕು ಅಂತ ಇದ್ದೆ,” ಎಂದ. “ಸಿಕ್ಕಿದ್ರೆ ಎಷ್ಟೊಂದು ಮಾಡ್ಬಹುದು ಅಂತ ಲೆಕ್ಕ ಹಾಕಿದ್ದೆ. ಮೊದಲು ಕೆರೆ ಹೂಳು ತೆಗೆಸ್ಬೇಕು ಅಂತಿದ್ದೆ.”

“ತೆಗೆಸೋಣ.”

“ಬೇರೆ ಯಾರಾದ್ರೂ ಅವಳಿಗೆ ಹೇಳ್ಲಿ.”

“ಎಲ್ಲರೂ ಹೇಳಿ ಆಯ್ತು. ಪಾರೆನೂ ಸೋತ.”

ಹೊರಗೆ ಜನರ ಗೊಣಗಾಟ ಹೆಚ್ಚುತ್ತಿತ್ತು. ಕೂಡ್ಬಿ ಹಣೆಯನ್ನು ಗೋಡೆಗೆ ಒತ್ತಿದ. ಆ ಕಡೆಗೆ ಕೇಳಬಾರದೆಂದೋ ಏನೋ, ತೀರಾ ಸಣ್ಣ ದನಿಯಲ್ಲಿ ಹೇಳಿದ:

“ಹೋಗಕ್ಕೆ ಹೇಳು.”

ನಾನು ಹೊರಗೆ ಬಂದು ಅವಳ ಮುಂದೆ ನಿಂತೆ. ಪಾರೆ ಎದ್ದು ದೂರ ಸರಿದ.

“ಹೋಗಬೇಕಂತೆ,” ಎಂದೆ.

ತಲಾತೊ ಮುಖ ಎತ್ತಿದಳು. “ಯಾರು ಹೇಳಿದ್ದು? ಕೂಡ್ಬಿನಾ?”

ಹೌದು ಎನ್ನಲು ನನಗೆ ಆಸೆಯಾಯಿತು. ಆದರೆ ನಾನು ಸುಳ್ಳು ಹೇಳಲು ಇರುವವನಲ್ಲ.

“ನಾಬಾ ಹೇಳಿದ್ದು,” ಎಂದೆ.

ಅವಳು ತಲೆಯಾಡಿಸಿದಳು. “ಕೂಡ್ಬಿ ಹೇಳಿದ್ದಿದ್ರೆ ನಾನು ಏಳ್ತಿರ್ಲಿಲ್ಲ ಡೋಲಿನಣ್ಣಾ. ಕಿವಿ ಹಿಂಡಿ ಬರ್ತಿದ್ದೆ.”

ಎದ್ದು, ಚಾಪೆ ಇಳಿಬಿಟ್ಟ ಬಾಗಿಲ ಕಡೆಗೆ ತಿರುಗಿ ಕುಕ್ಕರುಗಾಲಲ್ಲಿ ಕೂತಳು. ಮೊಣಕೈ ನೆಲಕ್ಕೂರಿದಳು. ಒಂದು ಹಿಡಿ ಧೂಳೆತ್ತಿ ತನ್ನ ಬೋಳು ತಲೆಯ ಮೇಲೆ ಸುರಿದುಕೊಂಡು, “ನಾಬಾ,” ಎಂದಳು. ಊರಿನಲ್ಲಿ ಅವನನ್ನು ಹಾಗೆಂದು ತಲೆಬಾಗಿದವರಲ್ಲಿ ಅವಳೇ ಮೊದಲಿಗಳು. ಆಮೇಲೆ ಗಂಟನ್ನು ತಲೆಗೇರಿಸಿ ಮೂಡಣ ದಾರಿ ಹಿಡಿದಳು, ಮತ್ತು ನಾನು ಚಾಪೆ ಎತ್ತಲು ಹೋದೆ.